ಹೆಸರು ತೆಗೆದ ಫ್ರೇಮ್‌ವರ್ಕ್

ಮಣಿಪಾಲದಲ್ಲಿ ಅಲೆವೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಲ್ಯಾಪ್‌ಟಾಪ್ ಚೀಲ ಇಟ್ಟುಕೊಂಡು ಕೂತಿದ್ದ ಹುಡುಗಿಯ ಎದುರು ಒಬ್ಬ ಯುವಕ ಬಂದು ನಿಂತ. “ಕೀರ್ತನಣ್ಣ, ಕೂತ್ಕೋ,” ಎಂದಳು. ಅವನು ಕೂರಲಿಲ್ಲ.

“ನಿಖಿತಾ, ಆ್ಯಪ್ ಕಟ್ಟಲಿಕ್ಕೆ ಅಂತ ನಾನು ಬರೆದಿಟ್ಟ ಫ್ರೇಮ್‌ವರ್ಕಿನ ಕೋಡಿನಿಂದ ನನ್ನ ಹೆಸರು ತೆಗೆದದ್ದು ಯಾರು?”

“ನಾನೇ. ಬಾಸ್ ಹೇಳಿದರು. ಅದು ಎಲ್ಲರಿಗೂ ಬಿಟ್ಟಿ ಕೊಟ್ಟದ್ದಲ್ವಾ?”

“ಬಿಟ್ಟಿಯೇ. ಯಾರು ಬೇಕಾದರೂ ಬಳಸಲಿ, ಬದಲಾಯಿಸಲಿ. ಬರೆದವನ ಹೆಸರು ಅಳಿಸಬಾರದು ಅಂತ ಒಂದೇ ಷರತ್ತು. ಅದೂ ನಿಮಗೆ ಭಾರವಾಯ್ತಾ?”

“ನಿನಗೆ ಹೇಗೆ ಗೊತ್ತಾಯ್ತು?”

“ನಿಮ್ಮ ಆ್ಯಪ್ ನಿಂತಾಗ ಪರದೆಯಲ್ಲಿ ‘ಒಂತೆ ಉಂತುಲೆ’ ಅಂತ ಬಂತು. ಸ್ವಲ್ಪ ನಿಲ್ಲಿ ಅಂತ ತುಳುವಿನಲ್ಲಿ ಬರೆದಿಟ್ಟದ್ದು ನಾನು. ನಿಮ್ಮ ಬಾಸ್ ಯಾವಾಗ ತುಳು ಕಲಿತದ್ದು?”

“ಕೋಪ ಆಮೇಲೆ ಮಾಡು ಮಾರಾಯ. ಇಡೀ ಆ್ಯಪನ್ನು ಸಣ್ಣ ಸಣ್ಣ ಸರ್ವಿಸ್‌ಗಳಾಗಿ ತುಂಡು ಮಾಡಿ ಎಲ್ಲವನ್ನೂ ನಿನ್ನ ಫ್ರೇಮ್‌ವರ್ಕಿನಲ್ಲೇ ಕಟ್ಟಿದ್ದೇವೆ. ಈಗ ಒಂದು ನಿಂತರೆ ಎಲ್ಲವೂ ನಿಲ್ತಾ ಉಂಟು. ಇವತ್ತೇ ಸರಿ ಮಾಡಿ ಕೊಡು.”

“ಹೆಸರು ಬೇಡ, ರಿಪೇರಿಗೆ ಮಾತ್ರ ನಾನು ಬೇಕು. ಎಂತ ಮರ್ಯಾದೆ ನಿಮ್ಮದು!”

“ಹೆಸರು ವಾಪಸ್ ಹಾಕಿದರೆ ನನ್ನ ಕೆಲಸ ಹೋಗ್ತದೆ ಅಣ್ಣ.”



“ಹಾಗಾದರೆ ನೀನು ಹಾಕಬೇಡ. ನಿಮ್ಮ ಬಾಸೇ ನನಗೆ ಫೋನ್ ಮಾಡಲಿ. ಅದನ್ನು ಬರೆದದ್ದು ಯಾರು ಅಂತ ಅವರ ಬಾಯಿಂದಲೇ ಬರಲಿ. ಮತ್ತೆ ನೋಡುವ.”

ಅಷ್ಟು ಹೇಳಿ ತಿರುಗಿ ನಡೆದ. ಉಡುಪಿಯ ಬಸ್ಸು ಬಂದು ನಿಂತಿತು. ಅವಳು ಹತ್ತಿ ನನ್ನ ಎದುರಿನ ಕಿಟಕಿಯ ಬಳಿ ಕೂತು ಫೋನು ಕಿವಿಗಿಟ್ಟಳು.

“ಕೀರ್ತನ್ ಅಂತ ಸರ್, ಅದನ್ನು ಬರೆದವರು,” ಎನ್ನುವಷ್ಟರಲ್ಲಿ ಬಸ್ಸು ಹೊರಟಿತು.