ಕೈ ಹಿಡಿದು ಗಂಟೆ ನೋಡುವವರು

ಹಲೋ... ಹಲೋ, ಯಾರು ಮಾತಾಡ್ತಿರೋದು? ಹನ್ನೊಂದನೇ ನಂಬರ್ ಬಸ್ಸಿನ ಡ್ರೈವರಣ್ಣ ತಾನೇ? ಟಿಕೆಟ್ ಕೌಂಟರಿನ ಅಕ್ಕ ಈ ನಂಬರ್ ಕೊಟ್ರು...

ನಾನಾ? ಯಾರು ಅಂತ ಹೇಳಿದ್ರೆ ಇಟ್ಟುಬಿಡ್ತೀರೇನೋ. ಹೋದ ವರ್ಷ ನಿಮ್ಮ ವಿಡಿಯೋ ಹಾಕಿದ್ನಲ್ಲ, ಅಜ್ಜಿಯನ್ನ ಕೈ ಹಿಡಿದು ಬಸ್ಸಿಂದ ಎಳೀತಿದಾರೆ, ಇವರನ್ನ ಕೆಲಸದಿಂದ ತೆಗೀರಿ ಅಂತ... ಹಾಂ. ಅವಳೇ... ಇಡಬೇಡಿ ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ, ಎರಡೇ ನಿಮಿಷ...

ಇಲ್ಲ, ರೆಕಾರ್ಡ್ ಮಾಡ್ತಿಲ್ಲ... ನನ್ನಾಣೆಗೂ ಇಲ್ಲ. ಬಸ್ ಸ್ಟ್ಯಾಂಡಿನ ನಲ್ಲಿ ಹತ್ರ ಒಬ್ಬಳೇ ನಿಂತಿದೀನಿ. ಅಪ್ಪ ಕಾಣಿಸ್ತಿಲ್ಲ ಅಣ್ಣಾ. ಬೆಳಗ್ಗೆ ಬಟ್ಟೆ ಒಣಹಾಕೋಕೆ ಮಹಡಿಗೆ ಹೋದೆ, ಇಳಿದು ಬರೋಷ್ಟರಲ್ಲಿ ಬಾಗಿಲು ತೆರೆದಿತ್ತು. ಬಸ್ಸು ಹತ್ತಿದ್ದನ್ನ ಇಸ್ತ್ರಿ ಅಂಗಡಿಯವರು ನೋಡಿದಾರೆ, ಯಾವ ಬಸ್ಸು ಅಂತ ಅವರಿಗೂ ಗೊತ್ತಿಲ್ಲ. ಎರಡು ವರ್ಷದಿಂದ ಮರೆವು. ಮನೆ ಎಲ್ಲಿ ಅಂತ ಕೇಳಿದ್ರೆ ಹೇಳೋಕೆ ಬರಲ್ಲ...

ಪೊಲೀಸರಿಗೆ ಕೊಟ್ಟಿದೀನಿ. ಬರ್ಕೊಂಡ್ರು, ಸಂಜೆವರೆಗೆ ನೋಡಿ ಅಂದ್ರು...

ಹಾಂ, ನೆಟ್ಟಲ್ಲೂ ಹಾಕಿದೆ. ಫೋಟೋ, ನಂಬರು, ಎಲ್ಲಾ ಹಾಕಿದೆ. ಏನಂದ್ರು ಗೊತ್ತಾ? ಇವಳದ್ದು ಹೊಸ ನಾಟಕ ಅಂದ್ರು. ಈ ಸಲ ಯಾರ ಕೆಲಸ ತೆಗೆಸ್ತೀಯಮ್ಮಾ ಅಂದ್ರು. ಒಬ್ಬ ಅಂತೂ ಅಪ್ಪನ್ನೇ ಕಂಪ್ಯೂಟರಲ್ಲಿ ಮಾಡಿದ್ದು ಅಂತಾನೆ. ಕಂಡಕಂಡವರೆಲ್ಲ ಫೋನ್ ಮಾಡಿ ಬೈದು ಬೈದು ಚಾರ್ಜೂ ಮುಗೀತಾ ಬಂತು...

ನಗ್ತಿದೀರಾ... ನಗಿ. ನಗಬೇಕಾದ್ದೇ...

ಇಲ್ಲಿ ನಿಮ್ಮ ಡ್ರೈವರು, ಕಂಡಕ್ಟರುಗಳೂ ಫೋಟೋ ನೋಡಲ್ಲ ಅಂತಾರೆ. ನಿಮಗೆ ಹಾಗಾದ್ಮೇಲೆ ಇಂಥದ್ದನ್ನ ಗ್ರೂಪಲ್ಲಿ ಯಾರೂ ಕಳಿಸಬಾರದು ಅಂತ ಮಾಡ್ಕೊಂಡಿದೀರಂತೆ, ಅಲ್ವಾ? ಹನ್ನೊಂದನೇ ನಂಬರಿನವನೇ ನಿಜ ಅಂತ ಹೇಳ್ಲಿ, ಹುಡುಕ್ತೀವಿ ಅಂದ್ರು. ನೀವು ಒಂದು ಮಾತು ಹೇಳಿದ್ರೆ ಸಾಕು ಅಣ್ಣಾ...

ಹಾಂ... ನಿಜ ಏನು ಅಂತ ಪೇಪರಲ್ಲಿ ಬರೋವರೆಗೆ ನಾಲ್ಕು ತಿಂಗಳು ಮನೇಲಿ ಕೂತ್ರಿ, ಗೊತ್ತು... ಮಗಳು ಶಾಲೆಗೇ ಹೋಗಲ್ಲ ಅಂದ್ಲಾ... ಅದು ಗೊತ್ತಿರಲಿಲ್ಲ. ಅಜ್ಜಿಗೆ ಉಸಿರು ಕಟ್ಟಿತ್ತು, ನೀವು ಎದುರಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ರಿ. ನಾನು ಕೇಳಲೇ ಇಲ್ಲ. ಮೂರನೇ ಸೀಟಲ್ಲಿ ಕೂತು ವಿಡಿಯೋ ಮಾಡೋಕೆ ಫೋನ್ ಎತ್ತಿದೆ, ಅಷ್ಟೇ. ಕೇಳೋಕೆ ಎಷ್ಟು ಹೊತ್ತು ಬೇಕಿತ್ತು...

ಕ್ಷಮೆ ಕೇಳಿ ಹಾಕಿದ್ದೆ, ನೋಡ್ಲಿಲ್ವಾ?... ಯಾರೂ ನೋಡ್ಲಿಲ್ಲ ಬಿಡಿ. ಮೊದಲನೇದನ್ನ ಮೂರು ಲಕ್ಷ ಜನ ನೋಡಿದ್ರು, ಇದನ್ನ ನಲವತ್ತು ಜನ. ನಿಮ್ಮ ಮನೆಗೇ ಬರಬೇಕಿತ್ತು. ಮುಖ ತೋರಿಸೋ ಧೈರ್ಯ ಬರ್ಲಿಲ್ಲ...

ಸರಿ, ಫೋಟೋ ನೋಡಬೇಡಿ. ನಾನು ಕಳಿಸಿದ್ದು ಏನನ್ನೂ ತೆರೀಬೇಡಿ. ಬಾಯಲ್ಲೇ ಹೇಳ್ತೀನಿ. ಬೂದು ಸ್ವೆಟರು, ಗುಂಡಿ ತಪ್ಪಾಗಿ ಹಾಕಿರ್ತಾರೆ. ಮನೆ ಚಪ್ಪಲಿ... ಹೌದು, ಅಂಥ ವಯಸ್ಸಾದವರು ದಿನಾ ಹತ್ತಾರು ಜನ ಬರ್ತಾರೆ. ಇನ್ನೇನು ಹೇಳಲಿ... ನಲವತ್ತು ವರ್ಷ ವಾಚ್ ರಿಪೇರಿ ಮಾಡಿದವರು. ಈಗ್ಲೂ ಯಾರು ಸಿಕ್ಕಿದ್ರೂ ಕೈ ಹಿಡ್ಕೊಂಡು, ವಾಚನ್ನ ಕಿವಿಗೆ ಇಟ್ಕೋತಾರೆ...

ಅಣ್ಣಾ?... ಫೋಟೋ ಜೊತೆ ಇದನ್ನೂ ಬರೆದಿದ್ನಾ ಅಂತಾನಾ?... ಇಲ್ಲ, ಅದನ್ನ ಎಲ್ಲೂ ಬರೆದಿಲ್ಲ. ಬರೀಬೇಕು ಅಂತ ಹೊಳೀಲೇ ಇಲ್ಲ. ಯಾಕೆ?...

ನಿಮ್ಮ ಕೈನೂ ಹಿಡ್ಕೊಂಡ್ರಾ? ಯಾವಾಗ?... ಹತ್ತೂವರೆಗೆ, ಕೊನೇ ಸ್ಟಾಪಲ್ಲಿ... ಅಳ್ತಿದ್ರಾ... ಆಮೇಲೆ?... ಹಿಂದಿನ ಸೀಟಲ್ಲಿ ಯಾರೋ ಫೋನ್ ಎತ್ತಿದ್ರು... ಅದಕ್ಕೇ ಕೈ ಕೊಡವಿಕೊಂಡು ಹೋಗ್ಬಿಟ್ರಿ...

ಇಲ್ಲ... ನಿಮ್ಮನ್ನ ಬೈಯಲ್ಲ ಅಣ್ಣಾ. ಯಾವ ಬಾಯಲ್ಲಿ ಬೈಯಲಿ. ಆ ಹೆದರಿಕೆ ಹುಟ್ಟಿಸಿದ್ದು ನಾನೇ...

ಎತ್ಲಾಗೆ ಹೋದ್ರು?... ಬಸ್ಸು ತೊಳೆಯೋ ಶೆಡ್ಡಿನ ಹಿಂದೆ. ಅಲ್ಲಿ ಕಾಲುವೆ ಇದೆ ಅಲ್ವಾ?... ನೀರಿದೆಯಾ?... ಈಗ ಮೂರು ಗಂಟೆ ಅಣ್ಣಾ, ನಾಲ್ಕೂವರೆ ಗಂಟೆ ಆಗೋಯ್ತು...

ಈಗ ಟ್ರಿಪ್ ಮುಗಿಸಿ ಆ ಕೊನೇ ಸ್ಟಾಪಲ್ಲೇ ಇದೀರಾ? ಹೋಗಿ ಅಣ್ಣಾ, ಬೇಗ ಹೋಗಿ, ನಾನೂ ಹೊರಟೆ. ಸಿಕ್ಕಿದ್ರೆ ಕೂಗಬೇಡಿ, ಬೆಚ್ಚಿಬೀಳ್ತಾರೆ. ಪಕ್ಕದಲ್ಲಿ ಕೂತು ಕೈ ಮುಂದೆ ಮಾಡಿ, ಅವರೇ ಹಿಡ್ಕೋತಾರೆ. ಬಿಡಿಸ್ಕೋಬೇಡಿ. ಯಾರು ಫೋನ್ ಎತ್ತಿದ್ರೂ ಎತ್ಲಿ, ನಾನು ಹೇಳ್ತೀನಿ ಅವರಿಗೆ, ಇವರು ಒಳ್ಳೆಯವರು ಅಂತ ನಾನೇ... ನಾನು ಹೇಳಿದ್ರೆ ಈಗ ಯಾರು ನಂಬ್ತಾರೆ...

ಕಾಲುವೆ ಕಟ್ಟೆ ಕಾಣಿಸ್ತಾ?... ಜನ ಸೇರಿದಾರಾ... ನೀರಿಗೆ ಕಾಲು ಇಳಿಬಿಟ್ಟು ಕೂತಿದಾರಾ? ಬೂದು ಸ್ವೆಟರಾ? ಅಪ್ಪನೇ, ಅಪ್ಪನೇ ಅಣ್ಣಾ... ಯಾರಾದ್ರೂ ಹತ್ರ ಹೋಗಿದಾರಾ?... ಒಬ್ಬರೂ ಇಲ್ವಾ... ಎಲ್ಲರೂ ಫೋನ್ ಎತ್ಕೊಂಡು ನಿಂತಿದಾರಾ...

ನೀವು? ಅಣ್ಣಾ, ಅವರೆಲ್ಲರ ಎದುರಿಗೆ ನೀವು ಹೋಗ್ತೀರಾ... ಹಲೋ? ಹಲೋ...