ಹತ್ತು ಸೆಕೆಂಡಿನ ಕಾವಲು

ಚೀನೀ ಪಂಚಾಂಗದ ಏಳನೇ ತಿಂಗಳಲ್ಲಿ ದೆವ್ವಗಳಿಗೆ ಎಡೆ ಇಡುವ ಮಧ್ಯಾಹ್ನವೇ ಬಂದರಿನ ಊರು ಕೀಲುಂಗಿನಲ್ಲಿ ಮಳೆ ಹಿಡಿದುಕೊಂಡಿತ್ತು. ಕಾರ್ಖಾನೆಯ ತಗಡಿನ ಮಾಡಿನಡಿಯ ಮೇಜಿನ ಮೇಲೆ ಬಾತುಕೋಳಿ, ಅಕ್ಕಿಹೆಂಡ, ಯಂತ್ರಗಳು ತೆಪ್ಪಗಿರಲೆಂದು ಇಡುವ ಹಸಿರು ಪೊಟ್ಟಣದ ಕುರುಕಲು. ಊದುಬತ್ತಿ ಉರಿದು ಮುಗಿಯುವ ತನಕ ಯಾರೂ ಕೈಹಾಕುವಂತಿಲ್ಲ. ಹೊಸ ಮ್ಯಾನೇಜರ್ ತ್ಸಾಯ್ ಗಡಿಯಾರ ನೋಡುತ್ತಿದ್ದ. ನೆಲಮಾಳಿಗೆಯ ಪಂಪುಗಳನ್ನು ನಡೆಸುವ ಕಂಪ್ಯೂಟರಿನಿಂದ ಹಳೆಯದೊಂದು ಆದೇಶವನ್ನು ಅವನು ಬೆಳಿಗ್ಗೆಯಷ್ಟೇ ಅಳಿಸಿದ್ದ.

"ಅಳಿಸಿದ್ಯಾ?" ಎಂದಳು ಲಿಯಾವ್ ಆಮಾ, ಮೂವತ್ತು ವರ್ಷ ಪಂಪು ಕಾದು ನಿವೃತ್ತಳಾದ ಮುದುಕಿ. "ಹಾಗಾದ್ರೆ ಕೂತ್ಕೊಳ್ಳಪ್ಪ ಸಾಹೇಬ. ಎಲ್ಲಾ ಹತ್ರ ಬನ್ನಿ."

ಕೆಲಸಗಾರರು ಒತ್ತಿ ಕುಳಿತರು.

"ಆ ಕಂಪ್ಯೂಟರಿಗೊಂದು ಕಾವಲಿದೆ. ಹತ್ತು ಸೆಕೆಂಡಿಗೊಮ್ಮೆ ಕಂಪ್ಯೂಟರು ಅದಕ್ಕೆ 'ಇದ್ದೀನಿ' ಅನ್ನಬೇಕು. ಅನ್ನಲಿಲ್ವೋ, ಸತ್ತಿತು ಅಂತ ಬರ್ಕೊಂಡು ಮೊದಲಿಂದ ಎಬ್ಬಿಸ್ತದೆ, ಎಬ್ಬಿಸೋವಷ್ಟು ಹೊತ್ತು ಪಂಪು ನಿಲ್ತದೆ. ಆದ್ರೆ ಕಂಪ್ಯೂಟರು ತನ್ನ ಕಷ್ಟ ಹೇಳ್ಕೊಳ್ಳೋದು ಹಳೇ ತಂತಿಯಲ್ಲಿ, ಒಂದೊಂದೇ ಅಕ್ಷರ... ಹೇಳ್ತಾ ಕೂತ್ರೆ 'ಇದ್ದೀನಿ' ಅನ್ನೋಕೆ ಪುರುಸೊತ್ತೆಲ್ಲಿ? ಮಾತಾಡ್ತಿರೋದನ್ನೇ ಹೆಣ ಅಂತ ಬರೀತಿತ್ತು ಆ ಕಾವಲು!

"ಇದನ್ನ ಕಂಡುಹಿಡಿದೋನು ನನ್ನ ಜೊತೆ ಪಂಪು ಕಾಯ್ತಿದ್ದ ನಮ್ಮ ಕುವೋ. ಅವನಿಗೂ ಮಾತು ತೊದಲು. 'ಒಂದೇ ಆ... ಆದೇಶ ಸಾಕು ಸಾರ್. ಒಂದೊಂದು ಸಾಲು ಬರೆದಾಗ್ಲೂ ಇದ್ದೀನಿ ಅಂತ ಕಾವಲಿನ ಬೆನ್ನು ತಟ್ಲಿ' ಅಂತ ಆಗಿನ ಮ್ಯಾನೇಜರ್ ಶಾವ್‌ನ ಬೇಡಿದ. ಶಾವ್ ನಕ್ಕ. 'ತೊದಲನಿಗೆ ತೊದಲು ಯಂತ್ರ! ಹತ್ತು ಸೆಕೆಂಡಲ್ಲಿ ಹೇಳಕ್ಕಾಗದೋನು ಇದ್ರೆಷ್ಟು, ಸತ್ರೆಷ್ಟು?'

"ಚಂಡಮಾರುತದ ದಿನ ಅದೇ ಕುವೋನನ್ನ ಕೊಳವೆಯ ಕಸ ತೆಗೆಯೋಕೆ ಕೆಳಗಿಳಿಸಿದ್ರು. ನೀರು ಏರಿತು. ಕಂಪ್ಯೂಟರು ಎಚ್ಚರಿಕೆ ಬರೀತಾ ಹೋಯ್ತು, ಬರೀತಾ ಹೋಯ್ತು... ಹತ್ತು ಸೆಕೆಂಡು. ಪಂಪು ನಿಂತ್ವು. ಕುವೋ ಕೆಳಗಿಂದ ಫೋನು ಮಾಡಿದ. 'ಪಂ... ಪಂ...' ಶಾವ್ ಇಟ್ಟುಬಿಟ್ಟ! ಪಕ್ಕದಲ್ಲೇ ಇದ್ದ ನಾನು ಕಿತ್ಕೊಳ್ಳಲಿಲ್ಲ...

"ಮಾರನೇ ದಿನವೇ ಆ ಆದೇಶ ಸೇರಿಸಿದ್ರು. ಹೆಣ ಬಿದ್ಮೇಲೆ ಎಲ್ಲರಿಗೂ ಬುದ್ಧಿ! ಶಾವ್‌ಗೆ? ಬಡ್ತಿ. ಕುವೋ ಸುಮ್ಮನಿದ್ನಾ? ಹೊಸ ವರ್ಷದ ರಜೆಗೆ ಬಾಗಿಲು ಹಾಕೋ ಸಂಜೆ ಶಾವ್ ಲಿಫ್ಟಲ್ಲಿ ಸಿಕ್ಕೊಂಡ. ಸಹಾಯದ ಗುಂಡಿ ಒತ್ತಿದ. ಬಾಯಿ ತೆಗೆದ್ರೆ ನಾಲಿಗೆ ತೊದಲ್ತು. ಹತ್ತು ಸೆಕೆಂಡು... ಕಟ್! ನಾನೂರು ಸಲ ಒತ್ತಿದ್ದ. ರಜೆ ಮುಗಿಸಿ ಬಾಗಿಲು ತೆಗೆದಾಗ, ಲಿಫ್ಟಿನ ದಾಖಲೆಯಲ್ಲಿ ಪ್ರತಿ ಕರೆಯ ಮುಂದೂ ಒಂದೇ ಷರಾ ಇತ್ತು: 'ಆ ಕಡೆ ಯಾರೂ ಇಲ್ಲ.'"

ತ್ಸಾಯ್ ನಗಲು ನೋಡಿದ. "ಆಮಾ, ಸುಮ್ಮನೆ ಬೆನ್ನು ತಟ್ತಾ ಇದ್ರೆ ನಿಜವಾಗಿ ಸತ್ತದ್ದು ಕಾವಲಿಗೆ ಗೊತ್ತಾಗೋದು ಹೇಗೆ?"

"ಸತ್ತ ಯಂತ್ರ ಬರೆಯಲ್ಲಪ್ಪ. ಸತ್ತ ಮನುಷ್ಯರ ಮಾತು ಬೇರೆ."

ಅಷ್ಟರಲ್ಲಿ ತ್ಸಾಯ್‌ನ ಫೋನು ಹೊಡೆದುಕೊಂಡಿತು. ನೆಲಮಾಳಿಗೆಯ ನಂಬರು. ಕೆಲಸಗಾರರೆಲ್ಲ ಅವನ ಕಣ್ಣೆದುರೇ ಇದ್ದರು. ಕೆಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಕಿವಿಗಿಟ್ಟುಕೊಂಡ. ನೀರಿನ ಸದ್ದು. ಆಮೇಲೆ, "ಪಂ... ಪಂ..."

ಅವನ ಹೆಬ್ಬೆರಳು ತಾನಾಗಿಯೇ ಕೆಂಪು ಗುರುತಿನತ್ತ ಸರಿಯಿತು. ಮುದುಕಿ ಅವನ ಮಣಿಕಟ್ಟನ್ನು ಇಕ್ಕಳದಂತೆ ಹಿಡಿದಳು.

"ಇಡಬೇಡ. ಇನ್ನೂ ಮುಗಿಸಿಲ್ಲ ಅವನು."