ಕವುಚಿಟ್ಟ ಹಿತ್ತಾಳೆ ಕೊಡ

ಮೊದಲು ಆ ಹಿತ್ತಲ ನಲ್ಲಿ ಬಿಗಿಯಾಗಿ ತಿರುಗಿಸಿ ಬನ್ನಿ. ತೊಟ್ಟಿಕ್ಕುವ ಸದ್ದು ಕೇಳುತ್ತಿದ್ದರೆ ಇದನ್ನು ಹೇಳಲು ನನ್ನಿಂದಾಗುವುದಿಲ್ಲ... ಹಾಂ. ಈಗ ಕೇಳಿ.

ಜಗಳೂರಿನಲ್ಲಿ ನಮ್ಮ ಪಕ್ಕದ ಮನೆಯ ಮೂಕಪ್ಪ ಸೂಳೆಕೆರೆ ಏರಿಯ ಮೇಲೆ ಬಸ್ಸಿಳಿದಾಗ ರಾತ್ರಿ ಹತ್ತೂವರೆ. ದಾವಣಗೆರೆಯಲ್ಲಿ ಒಂದು ಬಸ್ಸು ತಪ್ಪಿತ್ತು, ಇದು ಬಸವಾಪಟ್ಟಣದ ಕಡೆಗೆ ಹೋಗುವ ಕೊನೆಯದು. ಹೆಗಲಿಗೆ ಚೀಲ, ಕೈಯಲ್ಲಿ ಗಾಳದ ಕೋಲು. ಬಸ್ಸಿನ ಕೆಂಪು ದೀಪ ತಿರುವಿನಲ್ಲಿ ಮರೆಯಾದ ಮೇಲೆ ಉಳಿದದ್ದು ಕತ್ತಲೆ, ಮತ್ತು ನೀರು. ಅಷ್ಟು ನೀರು ನೋಡಿದಾಗಲೆಲ್ಲ ಮೂಕಪ್ಪನಿಗೆ ಹೊಟ್ಟೆ ತಣ್ಣಗಾಗುತ್ತಿತ್ತು.

ಆಗದೆ ಏನು? ಮೂವತ್ತನಾಲ್ಕು ವರ್ಷ ಆತ ಜಗಳೂರಿನ ನೀರಗಂಟಿ. ಎಂಟು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ವಾಲ್ವ್ ತಿರುಗಿಸುವ ಕೆಲಸ. ಬೈಗುಳ ಉಂಡು, ಜಗಳ ಬಿಡಿಸಿ, ತಲೆ ನೆರೆಸಿಕೊಂಡವನು. ರಜೆ ಸಿಕ್ಕರೆ ಸಾಕು, ಗಾಳ ಹಿಡಿದು ಹೊನ್ನಾಳಿಯ ಹೊಳೆಗೋ ಸೂಳೆಕೆರೆಗೋ ಓಡುವುದು. ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ಏರಿಯ ಕೆಳಗೆ, ನೀರಿನಂಚಿಗೆ, ದ್ಯಾಮಮ್ಮ ಎಂಬ ಮುದುಕಿಯ ಹಿತ್ತಲಲ್ಲಿ ಎರಡು ಕೋಣೆಯ ಮನೆ ಹಿಡಿದೂ ಆಗಿತ್ತು. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಕೆರೆ. ಕೂತಲ್ಲೇ ಗಾಳ ಹಾಕಬಹುದು.

ಒಂದೇ ತೊಡಕು. ಹೆಂಡತಿ ಅಂತರಘಟ್ಟಮ್ಮ ಒಪ್ಪಿರಲಿಲ್ಲ.

"ನೀರಿಗೆ ನಿಂತೂ ನಿಂತೂ ನನ್ ಕಾಲು ಬಿದ್ದೋಗ್ಯಾವೆ ಕಣ್ರೀ. ಈಗ ಆ ನೀರಿನ ಮಗ್ಗುಲಿಗೇ ಹೋಗಿ ಮಲಗಾಕೆ ನನ್ ಕೈಲಿ ಆಗಲ್ಲ. ನೀವು ಹೋಗ್ರಿ, ಮೀನು ಹಿಡೀರಿ."

"ನಿನ್ನ ಬಿಟ್ಟು ನಾನು ಅಲ್ಲೇನು ಮಾಡ್ಲೇ?" ಎಂದಿದ್ದ ಮೂಕಪ್ಪ. ಆ ಮಾತು ಅವನು ಬಾಯುಪಚಾರಕ್ಕೆ ಆಡಿದ್ದಲ್ಲ. ಕೆರೆಯೂ ಬೇಕು, ಅವಳೂ ಬೇಕು. ಕೊನೆಗೆ ಅವಳು, ಮುಂದಿನ ಶನಿವಾರ ಬಂದು ಒಂದು ರಾತ್ರಿ ಇದ್ದು ನೋಡುತ್ತೇನೆ, ಮನಸ್ಸು ಒಪ್ಪಿದರೆ ಸರಿ, ಇಲ್ಲದಿದ್ದರೆ ಮತ್ತೆ ಆ ಮಾತೆತ್ತಬಾರದು ಎಂದಿದ್ದಳು. ಅದಕ್ಕೇ ಮೂಕಪ್ಪ ಈ ವಾರವೇ ಬಂದಿದ್ದ, ಮನೆ ಗುಡಿಸಿ ಒಪ್ಪ ಮಾಡಲು. ದ್ಯಾಮಮ್ಮ ಹೊನ್ನಾಳಿಗೆ ಮಗಳ ಮನೆಗೆ ಹೋಗಿದ್ದಳು. ಬೀಗದ ಕೈ ಇವನ ಜೇಬಿನಲ್ಲಿತ್ತು.

ಏರಿ ಇಳಿದರೆ ಒಂದು ಆಲದ ಮರ. ಅದನ್ನು ದಾಟಿದರೆ ನೀರಿಗೆ ಇಳಿಯುವ ಮೆಟ್ಟಿಲು, ಮೆಟ್ಟಿಲ ಮೇಲೊಂದು ಬಟ್ಟೆ ಒಗೆಯುವ ಕಲ್ಲು. ಆ ಕಲ್ಲಿನ ಮೇಲೆ... ಒಂದು ಹಿತ್ತಾಳೆ ಕೊಡ. ಕವುಚಿ ಇಟ್ಟಿತ್ತು.

ಬೇರೆ ಯಾರಾದರೂ ಆಗಿದ್ದರೆ ನೋಡಿ ಮುಂದೆ ಹೋಗುತ್ತಿದ್ದರು. ಆದರೆ ಇವನು ನೀರಗಂಟಿ. ನಮ್ಮೂರಿನಲ್ಲಿ ನಲ್ಲಿಕಟ್ಟೆಯ ಪಾಳಿಯಲ್ಲಿ ಇಟ್ಟ ಕೊಡ ಎಂದರೆ ಮನುಷ್ಯರೇ ನಿಂತಂತೆ. ಹೆಂಗಸರು ಕೊಡ ಇಟ್ಟು ಒಲೆ ನೋಡಲು ಮನೆಗೆ ಹೋಗುತ್ತಾರೆ, ಅವರ ಸರದಿ ಬಂದರೆ ಮೂಕಪ್ಪನೇ ತುಂಬಿಸಿ ಪಕ್ಕಕ್ಕಿಡುತ್ತಿದ್ದ. ಖಾಲಿ ಕೊಡ ಕಂಡೂ ಹಾಗೇ ಬಿಟ್ಟು ಹೋದವನಲ್ಲ. ಯಾರೋ ಮರೆತಿದ್ದಾರೆ ಪಾಪ, ಎಂದುಕೊಂಡ. ಕೊಡ ಎತ್ತಿದ, ನೀರಿಗೆ ಅದ್ದಿದ.

ಗುಳು... ಗುಳು... ಗುಳು... ಗುಳ್.

ಕಣ್ಣು ಮುಚ್ಚಿಕೊಂಡೇ ಕೊಡ ಎಷ್ಟು ತುಂಬಿದೆ ಎಂದು ಹೇಳಬಲ್ಲ ಕಿವಿ ಅವನದು. ತುಂಬುತ್ತಾ ಬಂದಂತೆ ಸದ್ದು ಸಣ್ಣಗಾಗುತ್ತಾ ಮೇಲೇರುತ್ತದೆ, ಕೊನೆಗೆ ಒಂದು ಗುಟುಕು, ಆಮೇಲೆ ಸುಮ್ಮನಾಗುತ್ತದೆ. ತುಂಬಿದ ಕೊಡವನ್ನು ಕಲ್ಲಿನ ಮೇಲೆ ನೆಟ್ಟಗೆ ಇಟ್ಟ. ತಳದಿಂದ ಸಣ್ಣಗೆ ನೀರು ಜಿನುಗುತ್ತಿತ್ತು. ಬೆರಳಾಡಿಸಿ ನೋಡಿದರೆ ಮೊಳೆಯಷ್ಟು ತೂತು.

ಮನೆಗೆ ಬಂದು ಚಾಪೆ ಹಾಸಿ ಮಲಗಿದ. ನಡುರಾತ್ರಿ ಎಚ್ಚರವಾಯಿತು. ಕೆರೆಯ ಕಡೆಯಿಂದ... ಗುಳು, ಗುಳು, ಗುಳು... ಯಾರೋ ನೀರು ತುಂಬುತ್ತಿದ್ದಾರೆ. ಅರ್ಧ ಕೊಡದವರೆಗೆ ಸದ್ದು ಏರಿತು, ನಿಂತಿತು. ಮತ್ತೆ ಮೊದಲಿಂದ. ಮತ್ತೆ ಅರ್ಧಕ್ಕೆ. ಕೊನೆಯ ಗುಟುಕು ಬರಲೇ ಇಲ್ಲ. ಆ ಗುಟುಕಿಗೆ ಕಾದೂ ಕಾದೂ ಅವನಿಗೆ ಬೆಳಗಾಯಿತು.

ಬಾಗಿಲು ತೆಗೆದರೆ ಹೊಸ್ತಿಲ ಹೊರಗೆ ಅದೇ ಕೊಡ. ಖಾಲಿ. ಮೈಯೆಲ್ಲ ಒದ್ದೆ.

ಪಕ್ಕದ ಮನೆಯವರಾರೋ ತಮಾಷೆ ಮಾಡಿದ್ದಾರೆ ಎಂದು ಮೂಕಪ್ಪ ತನಗೆ ತಾನೇ ಹೇಳಿಕೊಂಡ. ಬೀಗ ಹಾಕಿದ ದ್ಯಾಮಮ್ಮನ ಮನೆ ಬಿಟ್ಟರೆ ಹತ್ತಿರದಲ್ಲಿ ಮತ್ತೊಂದು ಮನೆ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆದರೂ ಹಾಗೆ ಹೇಳಿಕೊಂಡ, ಯಾಕೆಂದರೆ ಬೇರೇನಾದರೂ ಅಂದುಕೊಂಡರೆ ಹೆಂಡತಿಗೆ ಹೇಳಬೇಕಾಗುತ್ತದೆ, ಹೇಳಿದರೆ ಅವಳು ಬರುವುದಿಲ್ಲ. ಕೊಡವನ್ನು ಮತ್ತೆ ಕಲ್ಲಿನ ಮೇಲಿಟ್ಟು ಊರಿಗೆ ಬಂದವನು ತುಟಿ ಬಿಚ್ಚಲಿಲ್ಲ. ಅದೇ ಅವನ ತಪ್ಪು. ಮೊನ್ನೆ ನನ್ನ ಮುಂದೆ ಇದನ್ನು ಹೇಳುವಾಗ ಎಷ್ಟು ಸಲ ಹಾಗೆಂದು ಅತ್ತನೋ ಲೆಕ್ಕವಿಲ್ಲ.

ಶನಿವಾರ ಅಂತರಘಟ್ಟಮ್ಮ ಬಂದಳು. ಸಂಜೆಯ ಬಿಸಿಲು ಕೆರೆಯ ಮೇಲೆ ಬಿದ್ದಿತ್ತು. ಗಂಡ ರಾಗಿಹಿಟ್ಟಿನ ಉಂಡೆ ಚುಚ್ಚಿ ಗಾಳ ಹಾಕಿದ, ಅರ್ಧ ಗಂಟೆಯಲ್ಲಿ ಅಂಗೈಯಗಲದ ನಾಲ್ಕು ಜಿಲೇಬಿ ಮೀನು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಮೀನು ತೊಳೆದಳು, ಒಂದು ಸಲ ಅಲ್ಲ, ಮೂರು ಸಲ, ಮನಸ್ಸಿಗೆ ಬಂದಷ್ಟು ನೀರು ಚೆಲ್ಲಿ. ಮದುವೆಯಾದಾಗಿನಿಂದ ಅವಳು ಹಾಗೆ ನೀರು ಚೆಲ್ಲಿದ್ದನ್ನು ಮೂಕಪ್ಪ ನೋಡಿರಲಿಲ್ಲ.

"ಬರ್ತೀನಿ ಬಿಡ್ರೀ," ಎಂದಳು ತಲೆ ಎತ್ತದೆ. "ಇಷ್ಟು ನೀರು ಐತೆ. ಯಾಕೆ ಬ್ಯಾಡ ಅನ್ಲಿ?"

ಮೂಕಪ್ಪ ಬಗ್ಗಿ ತೊಳೆದ ಮೀನು ಎತ್ತಿಕೊಂಡ.

ಮನೆಗೆ ಬಂದರೆ ಹೊಸ್ತಿಲಲ್ಲಿ ಕೊಡ. ಅವನು ಅಲ್ಲೇ ನಿಂತುಬಿಟ್ಟ, ಅವಳು ನಕ್ಕಳು.

"ನೀರಗಂಟಿ ಬಂದವ್ನೆ ಅಂತ ಆಗ್ಲೇ ಗೊತ್ತಾಗೈತೆ ನೋಡ್ರಿ. ಯಾರೋ ಪಾಳಿಗೆ ಇಟ್ಟವ್ರೆ." ಕೊಡ ಎತ್ತಿ ಬೆಳಕಿಗೆ ಹಿಡಿದಳು. "ತಳ ತೂತು ಬಿದ್ದೈತಲ್ಲ ಪಾಪ. ನಿಮ್ ಚೀಲದಾಗೆ ಐತಲ್ಲ ಎಂ-ಸೀಲು, ಹಚ್ಚಿಕೊಡ್ರಿ. ಹೊಸ ಊರು, ನಾಕು ಜನದ ಉಪಕಾರಕ್ಕೆ ಆಗ್ಲಿ."

ಪೈಪು ಸೋರಿದರೆ ಮೆತ್ತಲು ಎಂ-ಸೀಲ್ ಅವನ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಬೇಡ ಎಂದರೆ ಕಾರಣ ಹೇಳಬೇಕಾಗುತ್ತಿತ್ತು. ನಾದಿ ತೂತಿಗೆ ಮೆತ್ತಿದ, ಹೆಬ್ಬೆರಳಿನಿಂದ ಒತ್ತಿದ. ಬಿಳಿ ತೇಪೆಯ ಮೇಲೆ ಅವನ ಹೆಬ್ಬೆರಳ ಗುರುತು ಮೂಡಿತು. ಕೊಡವನ್ನು ತಾನೇ ಕಲ್ಲಿನ ಮೇಲೆ ಇಟ್ಟು ಬಂದ.

ಆ ರಾತ್ರಿ... ಗುಳು, ಗುಳು, ಗುಳು.

ಎಚ್ಚರಾದವನು ಉಸಿರು ಹಿಡಿದು ಮಲಗಿಯೇ ಇದ್ದ. ಅರ್ಧ ಕೊಡ ಆಯಿತು. ನಿಲ್ಲಲಿಲ್ಲ. ಸದ್ದು ಏರುತ್ತಿತ್ತು. ಮುಕ್ಕಾಲು... ಹೆಂಡತಿಯನ್ನು ಎಬ್ಬಿಸೋಣವೆಂದು ಕೈ ಚಾಚಿದ. ಚಾಪೆ ಖಾಲಿ. ಬಾಗಿಲು ಹಾರುಹೊಡೆದಿತ್ತು.

ಓಡಿದ. ಅಂತರಘಟ್ಟಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಕೈ ಕಟ್ಟಿಕೊಂಡು, ಎಷ್ಟೋ ವರ್ಷ ನಲ್ಲಿಕಟ್ಟೆಯಲ್ಲಿ ನಿಂತ ಹಾಗೇ, ಒಂದು ಕಾಲ ಮೇಲೆ ಭಾರ ಹಾಕಿ. ಅವಳ ಮುಂದೆ ಒಂದು ಮಾರು ದೂರದಲ್ಲಿ ಕೊಡದ ಬಾಯಿ ಮಾತ್ರ ಕಾಣುತ್ತಿತ್ತು. ಅದನ್ನು ಹಿಡಿದ ಕೈ ಕಾಣಲಿಲ್ಲ. ಗುಳು, ಗುಳು...

"ಏನ್ ಮಾಡ್ತಿದ್ದೀಯೇ?" ಪಿಸುಗುಟ್ಟಿದ.

"ಶ್... ಪಾಳಿ."

"ಯಾರ್ದೇ ಪಾಳಿ?"

"ಈ ಹುಡುಗೀದು. ಅವಳ್ದು ತುಂಬಲಿ ಅಂತೆ. ಆಮೇಲೆ ನಂದೇ ಅಂತೆ."

ಮೂಕಪ್ಪ ಗಾಳದ ಕೋಲು ಎಲ್ಲಿಂದ ಎತ್ತಿಕೊಂಡನೋ ಅವನಿಗೇ ನೆನಪಿಲ್ಲ. ಬೀಸಿ ಹೊಡೆದ. ಠಣ್ ಎಂದಿತು. ಕೊಡ ಮಗುಚಿತು, ನೀರು ಭಳ್ಳನೆ ಚೆಲ್ಲಿತು. ಆಮೇಲೆ ಕೆರೆಯಲ್ಲಿ ಒಂದು ಅಲೆಯ ಸದ್ದೂ ಇಲ್ಲ. ಹೆಂಡತಿಯನ್ನು ತಬ್ಬಿ ಎಳೆದುಕೊಂಡು ದಡಕ್ಕೆ ಬಂದರೆ ಟಾರ್ಚ್ ಹಿಡಿದು ದ್ಯಾಮಮ್ಮ ನಿಂತಿದ್ದಳು. ಹೊನ್ನಾಳಿಯಿಂದ ಮುದುಕಿ ಬಂದದ್ದೇ ಆ ಸಂಜೆ ಕತ್ತಲಾದ ಮೇಲೆ.

"ಕೊಡ ಮುಟ್ಟಿದ್ಯಾ?" ಎಂದಳು.

"ಖಾಲಿ ಇತ್ತಮ್ಮಾ... ತುಂಬಿಸಿಟ್ಟೆ. ಇವತ್ತು ತೂತು ಮುಚ್ಚಿದೆ."

ದ್ಯಾಮಮ್ಮ ಟಾರ್ಚನ್ನು ನೀರಿನ ಕಡೆ ತಿರುಗಿಸಿದಳು. "ನನ್ ಸೊಸೆ ನೇತ್ರಾವತೀದು ಅದು. ಮೂರು ವರ್ಷ ಆತು. ನೀರಿಗೆ ಅಂತ ಬಂದ್ಲು, ಕೊಡ ತೇಲಿ ಬಂತು, ಅವಳು ಸಿಗ್ಲಿಲ್ಲ. ಮೊದ್ಲು ದಿನಾ ರಾತ್ರಿ ಬಂದು ತುಂಬೋಳು. ತುಂಬಿದ್ರೆ ಹೊರಾಕೆ ಜತೆಗೆ ಇನ್ನೊಬ್ರು ಬೇಕಲ್ಲಪ್ಪಾ... ಅದಕ್ಕೇ ಮೊಳೆ ಹೊಡ್ದು ತೂತು ಮಾಡಿದ್ದೂ ನಾನೇ, ಕವುಚಿ ಮಲಗ್ಸಿದ್ದೂ ನಾನೇ. ಮಲಗಿದ್ದೋಳ್ನ ಎಬ್ಬಿಸಿದ್ಯಲ್ಲೋ ಯಪ್ಪಾ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಎನ್ನುತ್ತಾನೆ ಮೂಕಪ್ಪ.

ಮೊದಲ ಬಸ್ಸಿಗೇ ಇಬ್ಬರೂ ಊರಿಗೆ ಬಂದರು. ಗಾಳದ ಕೋಲು ಅಲ್ಲೇ ಉಳಿಯಿತು. ಬೀಗದ ಕೈಯನ್ನು ಪೋಸ್ಟಿನಲ್ಲಿ ಕಳಿಸಿದ. ಕೆರೆ ಕೈಬಿಟ್ಟರೆ ಮುಗಿಯಿತು, ಹೆಂಡತಿ ಉಳಿದಳಲ್ಲ ಎಂದುಕೊಂಡ. ನಿವೃತ್ತಿಯೂ ಆಯಿತು, ಹಾರ ಹಾಕಿ ಶಾಲು ಹೊದಿಸಿದರು.

ಅದಾಗಿ ಮೊದಲ ಸಲ ನೀರು ಬಿಡುವ ದಿನ, ನಸುಕಿನಲ್ಲಿ, ನಮ್ಮ ಓಣಿಯ ನಲ್ಲಿಕಟ್ಟೆಯ ಮೇಲೆ ಪಾಳಿಯಲ್ಲಿ ಒಂದು ಹಿತ್ತಾಳೆ ಕೊಡ ಇತ್ತು. ನೆಟ್ಟಗೆ. ತಳದಲ್ಲಿ ಬಿಳಿ ತೇಪೆ, ತೇಪೆಯ ಮೇಲೆ ಹೆಬ್ಬೆರಳ ಗುರುತು. ಪಾಳಿಯಲ್ಲಿ ಅದರ ನಂತರದ್ದು ಅಂತರಘಟ್ಟಮ್ಮನ ಸ್ಟೀಲ್ ಕೊಡ.

ಮೂಕಪ್ಪ ಆ ಕೊಡವನ್ನು ಹಾಳುಬಾವಿಗೆ ಎಸೆದ. ಮುಂದಿನ ಸಲ ಮತ್ತೆ ಅಲ್ಲೇ ಇತ್ತು. ತೇಪೆ ಕೆತ್ತಿ ತೆಗೆದ, ಮತ್ತೆ ತೇಪೆ ಇತ್ತು. ಕೊನೆಗೆ ಅವನಿಗೆ ಉಳಿದದ್ದು ಒಂದೇ ಕೆಲಸ. ನೀರು ಬಿಡುವ ದಿನ ಎಲ್ಲರಿಗಿಂತ ಮೊದಲು ಎದ್ದು ಹೋಗಿ, ಅದನ್ನು ಕವುಚಿ, ಕೊನೆಯ ಕೊಡ ತುಂಬುವವರೆಗೂ ಕಾವಲು ಕೂರುವುದು. ಹೆಂಡತಿಯನ್ನು ನಲ್ಲಿಯ ಹತ್ತಿರ ಸುಳಿಯಗೊಡುವುದಿಲ್ಲ. ಓಣಿಯವರು, ಮೂಕಪ್ಪನಿಗೆ ಕೆಲಸದ ಚಟ ಇನ್ನೂ ಬಿಟ್ಟಿಲ್ಲ ಎಂದು ನಗುತ್ತಾರೆ. ನಾನೂ ನಗುತ್ತಿದ್ದೆ.

ಮೊನ್ನೆ ಅವನಿಗೆ ಜ್ವರ. ಏಳಲಾಗಲಿಲ್ಲ. ನೀರು ಬಿಡುವ ದಿನದ ಹಿಂದಿನ ರಾತ್ರಿ ನನ್ನನ್ನು ಕರೆಸಿ, ಕೈ ಹಿಡಿದುಕೊಂಡು, ಇಷ್ಟನ್ನೂ ಹೇಳಿದ. "ನೀನು ಹೋಗಿ ಕವುಚಿ ಬಾರಪ್ಪಾ. ನಾಕು ಗಂಟೆ ಒಳಗೆ." ಅಯ್ಯೋ, ಜ್ವರದ ಮಾತು ಎಂದುಕೊಂಡೆ. ಆದರೂ ಹೋದೆ. ನಾಲ್ಕೂವರೆ ಆಗಿತ್ತು, ಸುಳ್ಳು ಯಾಕೆ ಹೇಳಲಿ, ನಿದ್ದೆ ಹತ್ತಿತ್ತು.

ನೀರು ಇನ್ನೂ ಬಿಟ್ಟಿರಲಿಲ್ಲ. ಎಂಟು ದಿನದಿಂದ ಒಣಗಿದ ನಲ್ಲಿ, ಕಟ್ಟೆಯ ಮೇಲೆ ಧೂಳು. ಸಾಲಾಗಿ ಇಟ್ಟ ಕೊಡಗಳೆಲ್ಲ ಖಾಲಿ. ಹಿತ್ತಾಳೆ ಕೊಡ ಮಾತ್ರ ಕಂಠಮಟ್ಟ ತುಂಬಿತ್ತು. ಟಾರ್ಚ್ ಹಾಕಿ ನೋಡಿದೆ. ಒಳಗೆ ಬೆರಳುದ್ದದ ಒಂದು ಜಿಲೇಬಿ ಮೀನು ಸುತ್ತುತ್ತಿತ್ತು.

ಚೆಲ್ಲಿದೆ. ಕವುಚಿದೆ. ಮೂಕಪ್ಪನ ಮನೆಗೆ ಬಂದು ಮೆಲ್ಲಗೆ ಬಾಗಿಲು ಬಡಿದೆ. ತೆಗೆದವಳು ಅಂತರಘಟ್ಟಮ್ಮ. ಆಗ ತಾನೇ ನಿದ್ದೆಯಿಂದ ಎದ್ದವಳಂತೆ ಕಣ್ಣುಜ್ಜಿಕೊಂಡು, "ಯಾಕಪ್ಪಾ ಇಷ್ಟು ಹೊತ್ತಿನಾಗೆ?" ಎಂದಳು.

ಅವತ್ತು ಆ ಮನೆಯಲ್ಲಿ ಕುಡಿಯಲು ಅರ್ಧ ಬಿಂದಿಗೆ ನೀರಿತ್ತು, ಅಷ್ಟೇ. ಅದು ಇನ್ನೂ ಅಡುಗೆಮನೆಯಲ್ಲೇ ಇತ್ತು, ನಾನೇ ಹೋಗಿ ನೋಡಿದೆ. ಇದೇ ಕಣ್ಣಿನಿಂದ ನೋಡಿದ್ದು, ಯಾರೋ ಹೇಳಿದ್ದಲ್ಲ. ಅಂತರಘಟ್ಟಮ್ಮನ ಸೀರೆ ಮೊಣಕಾಲವರೆಗೂ ಒದ್ದೆಯಾಗಿತ್ತು.